ಉಡುಮಿನ ಒಪ್ಪತ್ತು

ನಾನು ಸಾಕಿದ ಉಡ ಮಲಗಿದಲ್ಲೇ ಹೊಟ್ಟೆ ಉಬ್ಬಿ ಸಾಯಬಹುದಿತ್ತು. ಸಾಯದೆ, ತೂಕ ಹಾಕಿಸಲು ಬಂದ ಯಾವುದಾದರೂ ಕೂಸಿನ ಕಾಲ್ಬೆರಳು ಕಚ್ಚಬಹುದಿತ್ತು. ಉಡ ಕಚ್ಚಿದರೆ ಬಿಡುವ ಪ್ರಾಣಿಯಲ್ಲ. ಸೂಜಿ ಹಾಕಿಸಿಕೊಳ್ಳಲು ಬಂದ ಅರಣ್ಯ ಇಲಾಖೆಯ ಗಾರ್ಡು ಹಿತ್ತಲಿಗೆ ಇಣುಕಿ, ಕಾಡುಪ್ರಾಣಿ ಸಾಕಿದ್ದಾಳೆಂದು ಮೇಲಕ್ಕೆ ಬರೆದು, ನನ್ನ ಸರ್ವಿಸ್ ಪುಸ್ತಕಕ್ಕೆ ಕೆಂಪು ಶಾಯಿ ಬೀಳಬಹುದಿತ್ತು. ಕೂಸುಗಳನ್ನು ತೂಗುವ ತಕ್ಕಡಿಗೇ ಉಡವನ್ನೂ ನೇತುಹಾಕುತ್ತೇನೆಂದು ತಿಳಿದು ತಾಯಂದಿರು ನನ್ನ ಬಾಗಿಲಿಗೆ ಬರುವುದನ್ನೇ ಬಿಡಬಹುದಿತ್ತು. ನಾನೇ ಅವಸರದಲ್ಲಿ ಬಾಗಿಲು ಹಾಕಿ ಅದರ ಬಾಲ ಜಜ್ಜಬಹುದಿತ್ತು. ಗುಡ್ಡಕ್ಕೆ ಒಯ್ಯುವಾಗ ನಾಯಿಗಳು ಮುತ್ತಬಹುದಿತ್ತು. ಬಿಟ್ಟ ಮೇಲೆ ಅದು ಹಿಂತಿರುಗಿ ನನ್ನ ಹಿಂದೆಯೇ ನಡೆದು ಬರಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಓಡಲಾರದೆ, ಬಂಡೆಯ ಬಿರುಕಿಗೆ ನುಗ್ಗಲಾರದೆ, ಮಾರನೆಯ ಮಧ್ಯಾಹ್ನದೊಳಗೆ ಯಾರದೋ ಮನೆಯ ಒಲೆಯ ಮೇಲೆ ಮೆಣಸು ಬೆಳ್ಳುಳ್ಳಿಯ ಜೊತೆ ಕುದಿಯಬಹುದಿತ್ತು.

ಈ ಕೊನೆಯದನ್ನು ನೆನೆದಾಗಲೆಲ್ಲ ಆಗ ನಾನು ಉಣ್ಣುವುದನ್ನು ಬಿಟ್ಟು ತಟ್ಟೆ ಸರಿಸಿ ಏಳುತ್ತಿದ್ದೆ. ನಾನು ಮೊದಲಿನಿಂದಲೂ ಹೀಗೆಯೇ. ಬಸ್ಸು ಬರದಿದ್ದರೆ ಏನು ಗತಿ ಎಂದು ಯೋಚಿಸುತ್ತೇನೆ, ಬಂದರೆ ಸೀಟು ಇರುತ್ತದೋ ಇಲ್ಲವೋ ಎಂದು ಯೋಚಿಸುತ್ತೇನೆ, ಸೀಟು ಇದ್ದರೆ ಇಷ್ಟು ಖಾಲಿ ಬಸ್ಸಿನಲ್ಲಿ ಏನೋ ದೋಷವಿರಬೇಕು ಎಂದು ಇಳಿಯುವವರೆಗೂ ಕಂಬಿ ಬಿಡುವುದಿಲ್ಲ.

ಆಗ ನಾನು ಪಾವಗಡ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನರ್ಸು. ಎಂಬತ್ತರ ದಶಕದ ಮೊದಲ ವರ್ಷಗಳು. ಶಿರಾದ ಕಡೆ, ಮಧುಗಿರಿಯ ಕಡೆ ಎಲ್ಲ ಸುತ್ತಿ, ನಲವತ್ತು ದಾಟಿ, ಸೊಂಟನೋವು ಹಚ್ಚಿಕೊಂಡು ಅಲ್ಲಿಗೆ ಬಂದಿದ್ದೆ. ಆಂಧ್ರ ಕೂಗಳತೆಯಲ್ಲಿತ್ತು. ಜನ ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತಿದ್ದರು. ಒಂದು ಸಲ ಊರಾಚೆಯ ಕುರಿಗಾಹಿಗಳ ಹಟ್ಟಿಯಲ್ಲಿ ಕಷ್ಟದ ಹೆರಿಗೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಬಗ್ಗಿಕೊಂಡೇ ಇದ್ದೆ. ತಾಯಿ, ಕೂಸು ಇಬ್ಬರೂ ಉಳಿದರು. ನಾನು ಎದ್ದು ನಿಲ್ಲಲು ಗೋಡೆ ಹಿಡಿದುಕೊಂಡದ್ದನ್ನು ಕೂಸಿನ ಅಪ್ಪ ನೋಡಿಬಿಟ್ಟ. ನಾಲ್ಕನೆಯ ದಿನ ಕಂಬಳಿಯಲ್ಲಿ ಏನನ್ನೋ ಸುತ್ತಿಕೊಂಡು ಬಾಗಿಲಿಗೆ ಬಂದ.

“ಉಡುಮು ತಂದಿವ್ನಿ ನರ್ಸಮ್ಮ. ಸಾರ್ ಮಾಡ್ಕಂಡು ತಿನ್ನಿ. ಉಡುಮು ತಿಂದ್ರೆ ನಡುಮು ನಿಲ್ತದೆ.”

ಉಡಕ್ಕೆ ಅಲ್ಲಿ ತೆಲುಗಿನ ಹೆಸರು, ಉಡುಮು. ನಡುಮು ಎಂದರೆ ಸೊಂಟ. ಎರಡು ಪದಕ್ಕೆ ಪ್ರಾಸ ಕೂಡಿತು ಎಂಬುದೊಂದನ್ನು ಬಿಟ್ಟರೆ ಆ ಔಷಧಿಗೆ ಬೇರೆ ಆಧಾರವೇನೂ ನನಗೆ ಕಾಣಲಿಲ್ಲ. ಆದರೆ ಸುತ್ತಮುತ್ತಲಿನ ಊರುಗಳಲ್ಲಿ ಸೊಂಟ ಹಿಡಿದವರೆಲ್ಲರೂ ಅದನ್ನು ನಂಬಿದ್ದರು. ಕಂಬಳಿ ಬಿಚ್ಚಿದರೆ ನನ್ನ ಮುಂಗೈ ಗಾತ್ರದ ಮರಿ ಉಡ, ಮೂಳೆ ಎಣಿಸುವ ಹಾಗೆ ಬಡಕಲು, ಉರುಲಿಗೆ ಸಿಕ್ಕ ಕಾಲು ಊದಿಕೊಂಡಿತ್ತು. ಸೀಳುನಾಲಗೆ ಹೊರಹಾಕಿ ನನ್ನನ್ನು ನೋಡಿತು. ಆಮೇಲೆ ಅಡುಗೆ ಮಾಡಿಕೊಳ್ಳುತ್ತೇನೆ ಎಂದು ಸುಳ್ಳು ಹೇಳಿ ಒಳಗೆ ತೆಗೆದುಕೊಂಡೆ. ಆ ‘ಆಮೇಲೆ’ ಎರಡು ವರ್ಷ ನಡೆಯಿತು.

ನನ್ನದು ತಿನ್ನಿಸುವ ಕೆಲಸ. ಕೂಸುಗಳನ್ನು ಜೋಲಿಯಲ್ಲಿ ಕೂರಿಸಿ, ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿ, ತೂಕದ ಕಾರ್ಡಿನ ಮೇಲೆ ಚುಕ್ಕೆಯಿಟ್ಟು, ಚುಕ್ಕೆಗಳನ್ನು ಗೆರೆಯಿಂದ ಕೂಡಿಸಿ, “ನೋಡಮ್ಮ, ಗೆರೆ ಮೇಲಕ್ಕೆ ಹೋಗಬೇಕು, ಕೆಳಕ್ಕೆ ಬಂದರೆ ಅಪಾಯ” ಎಂದು ತಾಯಂದಿರಿಗೆ ದಿನಕ್ಕೆ ಹತ್ತು ಸಲ ಹೇಳುವುದು. ಬಡಕಲು ಜೀವ ಕಣ್ಣೆದುರು ಇದ್ದರೆ ನನ್ನ ಕೈ ತಡೆಯುವುದಿಲ್ಲ. ಮೊದಲು ದಿನಕ್ಕೊಂದು ಮೊಟ್ಟೆ, ಆಮೇಲೆ ಎರಡು. ಭಾನುವಾರ ಕುರಿಯ ಕೊಬ್ಬು, ಪಿತ್ತಜನಕಾಂಗದ ಚೂರು. ನನ್ನ ಹಳೆಯ ಲಂಗದಲ್ಲಿ ಬೇರೆಯೇ ಜೋಲಿ ಹೊಲಿದು, ಹಿತ್ತಲಿನ ಬೇವಿನ ಕೊಂಬೆಗೆ ತಕ್ಕಡಿ ಕಟ್ಟಿ ವಾರಕ್ಕೊಮ್ಮೆ ತೂಗಿದೆ. ಅದಕ್ಕೂ ಒಂದು ಕಾರ್ಡು ಮಾಡಿದೆ. ಹೆಸರು, ತಂದೆಯ ಹೆಸರು ಖಾಲಿ. ಗೆರೆ ಮಾತ್ರ ಊರಿನ ಯಾವ ಕೂಸಿನದಕ್ಕೂ ಇಲ್ಲದಷ್ಟು ಚೆಂದವಾಗಿ ಮೇಲೇರಿತು. ಒಂದು ಕೆಜಿಯಿಂದ ಎರಡು, ಎರಡರಿಂದ ಮೂರು, ನಾಲ್ಕೂವರೆ. ಕಾಲು ಎಂದೋ ವಾಸಿಯಾಗಿತ್ತು. ಆದರೆ ಆ ಕಾಲಿನ ಮೇಲೆ ನಡೆಯುವ ಉತ್ಸಾಹ ಉಳಿದಿರಲಿಲ್ಲ. ಬಾಲದ ಬುಡ ಒನಕೆಯ ಹಾಗಾಗಿತ್ತು. ಕತ್ತಿನಲ್ಲಿ ಮಡಿಕೆಗಳು. ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಸಿಲಿಗೆ ಮಲಗಿದರೆ ನಾನು ಸಂಜೆ ಬಂದು ಎತ್ತುವವರೆಗೆ ಅಲ್ಲೇ.

ತನ್ನ ಕೂಸಿನ ಲಸಿಕೆಗೆಂದು ಬಂದ ಅದೇ ಕುರಿಗಾಹಿ ಹಿತ್ತಲಿನಲ್ಲಿ ಅದನ್ನು ಕಂಡು ಬಾಯಿ ಮೇಲೆ ಕೈಯಿಟ್ಟುಕೊಂಡ.

“ಇನ್ನೂ ತಿಂದಿಲ್ವಾ ನರ್ಸಮ್ಮ? ಓಹೋ, ಕೊಬ್ಲಿ ಅಂತ ಕಾಯ್ತಿದೀರಾ! ಏಂ ಕಾದು, ಪರ್ವಾಗಿಲ್ಲ, ಈಗ ಸರ್ಯಾಗ್ ಬಂದೈತೆ ನೋಡಿ.”

ನಾನು ನಕ್ಕೆ. ಸಂಕ್ರಾಂತಿಯ ಮಾರನೆಯ ವಾರ ನನಗೆ ಕೊರಟಗೆರೆಗೆ ವರ್ಗವಾಗಿ ಕಾಗದ ಬಂದಾಗ ಅವನ ಆ ಮಾತು ನೆನಪಾಗಿ, ಕಾಗದ ಹಿಡಿದುಕೊಂಡೇ ಹಿತ್ತಲಿಗೆ ಓಡಿದೆ. ಯುಗಾದಿ ಕಳೆದು ಹೊಸಬಳು ಬಂದ ಕೂಡಲೇ ನಾನು ಹೊರಡಬೇಕು. ಕೊರಟಗೆರೆಯಲ್ಲಿ ನನಗೆ ಕೊಟ್ಟದ್ದು ಬಸ್ ನಿಲ್ದಾಣದ ಹತ್ತಿರ, ಇನ್ನೊಬ್ಬ ಸಿಸ್ಟರ್ ಜೊತೆ ಹಂಚಿಕೊಳ್ಳುವ ಒಂದು ಕೋಣೆ. ಹಿತ್ತಲಿಲ್ಲ. ಆಕೆಗೆ ಹಲ್ಲಿ ಕಂಡರೇ ಕಿರುಚಾಟ ಎಂದು ಕೇಳಿದ್ದೆ. ಉಡವನ್ನು ಅದರ ಗುಡ್ಡಕ್ಕೆ ಬಿಡದೆ ದಾರಿಯಿರಲಿಲ್ಲ.

ಮುಂದಿನ ಲಸಿಕೆಯ ದಿನ, ಯಾರೋ ಬೇರೆಯವರ ವಿಷಯ ಎಂಬಂತೆ, ಕುರಿಗಾಹಿಯನ್ನು ಕೇಳಿದೆ: ಸಾಕಿದ ಉಡವನ್ನು ಬಿಟ್ಟರೆ ಬದುಕುತ್ತದೆಯೇ?

“ಉಡುಮು ಬದುಕಾದು ಎಲ್ಡೇ ಎಲ್ಡು ಇದ್ಯೆಲಿ. ಓಡಾದು, ಬಿರುಕಿಗೆ ನುಗ್ಗಾದು. ಒಳಗೋಗಿ ಮೈ ಉಬ್ಬುಸ್ಕಂಡ್ರೆ ನನ್ನಂತೋನ್ ನಾಕಾಳು ಎಳುದ್ರೂ ಬರಕ್ಕಿಲ್ಲ. ಮದ್ಲೇ ಉಬ್ಬಿರಾದು ಎಂಗ್ ನುಗ್ತದೆ? ನಿಮ್ದನ್ನ ಬುಟ್ರೆ ಊರ್ ಬಾಗ್ಲೂ ದಾಟಕ್ಕಿಲ್ಲ. ಊರಲ್ಲಿ ನಡ ಹಿಡ್ಕಂಡೋರು ಏಟ್ ಜನ ಅವ್ರೆ, ನಿಮ್ಗೇ ಗೊತ್ತಲ್ಲ.”

ಗೊತ್ತಿತ್ತು. ಅವರಿಗೆಲ್ಲ ನೋವಿನ ಮಾತ್ರೆ ಕೊಡುತ್ತಿದ್ದವಳು ನಾನೇ.

ಅಂದು ಸಂಜೆ ಹಿತ್ತಲಿನ ಮಣ್ಣುಗೋಡೆಯ ಬುಡದಲ್ಲಿ ಉಡವನ್ನು ಬಿಟ್ಟು, ಗೋಡೆಯ ಮೇಲೊಂದು ಮೊಟ್ಟೆಯಿಟ್ಟೆ. ಎರಡು ಅಡಿ ಏರಿತು. ಹೊಟ್ಟೆ ಹಿಂದಕ್ಕೆ ಎಳೆಯಿತು. ಜಾರಿ, ಬೆನ್ನ ಮೇಲೆ ಬಿದ್ದು, ಕಾಲುಗಳನ್ನು ಗಾಳಿಯಲ್ಲಿ ಆಡಿಸಿತು. ನಾನು ಓಡಿಹೋಗಿ ಮಗುಚಿ ಹಾಕಿದೆ. ಆಮೇಲೆ, ಪಾಪ ಎಷ್ಟು ದಣಿಯಿತು ಎಂದು ಆ ಮೊಟ್ಟೆಯನ್ನು ಕೆಳಗೇ ಕೊಟ್ಟೆ. ಕೊಟ್ಟ ಮೇಲೆ ನನ್ನ ತಲೆ ನಾನೇ ಚಚ್ಚಿಕೊಂಡೆ.

ಮಧುಗಿರಿಯ ದನದ ಡಾಕ್ಟರ ಬಳಿಗೆ ಹೋದೆ. ಉಡವನ್ನು ಬಸ್ಸಿನಲ್ಲಿ ಒಯ್ಯುವ ಧೈರ್ಯವಿರಲಿಲ್ಲ, ಕಾರ್ಡು ಮಾತ್ರ ಒಯ್ದೆ. ಅವರು ಗೆರೆಯನ್ನು ಬಹಳ ಹೊತ್ತು ನೋಡಿದರು.

“ಕರುನಾ?”

“ಅಲ್ಲ ಸಾರ್.”

“ನಾಯಿಮರಿ?”

“ಹಾಗೇ ಇಟ್ಕೊಳ್ಳಿ ಸಾರ್.”

“ಏನಾದ್ರೂ ಆಗ್ಲಿ. ಕೊಬ್ಬು ನಿಲ್ಲಿಸಿ, ಮೇವು ಕಡಿಮೆ ಮಾಡಿ, ಕೂತಲ್ಲಿ ಕೊಡಬೇಡಿ, ನಡೆದು ಹುಡುಕಿ ತಿನ್ನೋ ಹಾಗೆ ಮಾಡಿ. ಬಿಸಿಲು ಬೇಕು, ನೀರು ಬೇಕು.” ನಾನು ಕುರ್ಚಿಯ ಕೈ ಹಿಡಿದು ಏಳುವುದನ್ನು ನೋಡಿ ಸೇರಿಸಿದರು, “ನೀವೂ ಇದನ್ನೇ ಮಾಡಿ ಸಿಸ್ಟರ್. ಆ ಸೊಂಟಕ್ಕೂ ಇದೇ ಔಷಧಿ.”

ಅಂದಿನಿಂದ ಮೊಟ್ಟೆಯೂ ಇಲ್ಲ, ಕೊಬ್ಬೂ ಇಲ್ಲ. ಸೋಮವಾರ, ಗುರುವಾರ ಮಾತ್ರ ಊಟ, ಅದೂ ಗುಡ್ಡದಲ್ಲಿ ಸಿಗುವಂಥದು: ಮಿಡತೆ, ಜಿರಲೆ, ಕಲ್ಲಡಿಯ ಹುಳ, ಎಲ್ಲಾದರೂ ಸಿಕ್ಕರೆ ಇಲಿ. ಹಳೆಯ ಸೊಳ್ಳೆಪರದೆಯನ್ನು ಕೋಲಿಗೆ ಕಟ್ಟಿಕೊಂಡು ಬಾವಿಯ ಹಿಂದಿನ ಹಸಿರು ಬದುವಿನಲ್ಲಿ ಬಿಳಿಸೀರೆಯುಟ್ಟ ನಾನು ಬಗ್ಗಿ ಬಗ್ಗಿ ಮಿಡತೆ ಹಿಡಿಯುವುದನ್ನು ಕಂಡು ಕಳೆ ಕೀಳುವ ಹೆಂಗಸರು ನಿಂತು ನಗುತ್ತಿದ್ದರು. “ಸರ್ಕಾರ್ದೋರು ಈಗ ಮಿಡ್ತೆಗೂ ಸೂಜಿ ಆಕುಸ್ತಾರೇನೋ ಕಣಮ್ಮ!” ಹಿಡಿದ ಮಿಡತೆಯನ್ನು ದಾರಕ್ಕೆ ಕಟ್ಟಿ ಹಿತ್ತಲಿನ ತುಂಬ ಎಳೆದಾಡಿ, ಗೋಡೆಯ ಮೇಲೆ ಎಳೆದು, ಉಡವನ್ನು ಅದರ ಹಿಂದೆ ನಡೆಸುತ್ತಿದ್ದೆ. ನಾನೇ ನಾಲ್ಕು ಹೆಜ್ಜೆ ಹೆಚ್ಚು ನಡೆದಿರಬೇಕು.

ಇನ್ನು ಮನೆಯ ಅಜ್ಜಿಗೆ ಸಮಾಧಾನ ಹೇಳಬೇಕಿತ್ತು. ನಾನಿದ್ದ ಎರಡು ಕೋಣೆ ಆಕೆಯ ಮನೆಯ ಮುಂಭಾಗ. ಹಿತ್ತಲು, ಬೇವಿನ ಮರ, ಕೋಳಿಗೂಡು ಎಲ್ಲ ಆಕೆಯದು. ಮಕ್ಕಳು ಕುರಿ ಹೊಡೆದುಕೊಂಡು ವರ್ಷದಲ್ಲಿ ಆರು ತಿಂಗಳು ಹೊರಗೆ. ಉಡ ಹಸಿದು ನಾಲಗೆ ಆಡಿಸಿದರೆ ಆಕೆ ಸಹಿಸುತ್ತಿರಲಿಲ್ಲ.

“ಯಾಕವ್ವಾ ಅದುಕ್ಕೆ ಏನೂ ಆಕಿಲ್ಲ ಇವತ್ತು?”

ಆರೋಗ್ಯ ಶಿಕ್ಷಣವೆಂದರೆ ಜನರ ಮಾತಿನಲ್ಲೇ ಜನರಿಗೆ ತಿಳಿಹೇಳುವುದು ಎಂದು ನಮಗೆ ತರಬೇತಿಯಲ್ಲಿ ಕಲಿಸಿದ್ದರು. ಆಕೆ ಶನಿವಾರ ಶನಿವಾರ ತಪ್ಪದೆ ಒಪ್ಪತ್ತು ಇರುವವಳು. ನಾನು ಬಹಳ ಜಾಣತನದಿಂದ ಹೇಳಿದೆ, “ಇವತ್ತು ಅದಕ್ಕೆ ಒಪ್ಪತ್ತು ಅಜ್ಜಿ. ವಾರಕ್ಕೆ ಐದು ದಿನ ಒಪ್ಪತ್ತು.”

“ಐದ್ ದಿನಾನಾ! ಎಂತಾ ಪುಣ್ಯವಂತ ಜೀವ,” ಎಂದು ಆಕೆ ಉಡಕ್ಕೆ ಕೈಮುಗಿದಳು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಮೊದಲ ವಾರ ಮುಳ್ಳು ಒಂದು ಕೂದಲಿನಷ್ಟು ಇಳಿಯಿತು. ಎರಡನೆಯ ವಾರ ಮತ್ತೆ ಅಲ್ಲಿಗೇ ಬಂತು. ಮೂರನೆಯ ವಾರ ಹಳೆಯ ತೂಕಕ್ಕಿಂತ ಮೇಲೆ. ತಕ್ಕಡಿ ಕೆಟ್ಟಿರಬೇಕೆಂದು ಕಾಲು ಕೆಜಿಯ ಸಕ್ಕರೆ ಪೊಟ್ಟಣ ತೂಗಿ ನೋಡಿದೆ, ಸರಿಯಾಗಿತ್ತು. ಹೊಟ್ಟೆಯಲ್ಲಿ ನೀರು ತುಂಬಿರಬೇಕು ಎಂದುಕೊಂಡೆ. ಗಡ್ಡೆ ಇರಬೇಕು. ಹೆಣ್ಣಾಗಿದ್ದು ಮೊಟ್ಟೆ ಕಟ್ಟಿಕೊಂಡಿರಬೇಕು. ತಿಂಗಳಾಯಿತು. ಯುಗಾದಿಗೆ ಇನ್ನು ಆರು ವಾರ. ನಾನು ಹಸಿವಿನಿಂದ ಕೊಲ್ಲುತ್ತಿರುವ ಪ್ರಾಣಿಯ ಮುಂದೆ ನಾನು ಹೇಗೆ ತಿನ್ನಲಿ ಎಂದು ಒಂದು ಹೊತ್ತು ಬಿಟ್ಟಿದ್ದೆ. ನನ್ನ ರವಿಕೆಗಳು ಸಡಿಲವಾಗಿದ್ದವು. ಇಬ್ಬರಲ್ಲಿ ಕರಗುತ್ತಿದ್ದವಳು ನಾನೊಬ್ಬಳೇ. ಬೆಳಿಗ್ಗೆ ಕೂಸೊಂದರ ಗೆರೆ ಇಳಿದದ್ದಕ್ಕೆ ಅದರ ತಾಯಿಯನ್ನು ಗದರಿಸಿ, ಮಧ್ಯಾಹ್ನ ಹಿತ್ತಲಿಗೆ ಬಂದು ಗೆರೆ ಇಳಿಯಲಿಲ್ಲವೆಂದು ಬೇವಿನ ಬುಡದಲ್ಲಿ ಕೂತು ಅತ್ತದ್ದಿದೆ. ಜೋಲಿಯಲ್ಲಿ ತೂಗುತ್ತಿದ್ದ ಉಡ ಕಣ್ಣು ಮುಚ್ಚಿಕೊಂಡು ನಿದ್ದೆ ಹೋಗಿತ್ತು.

ಒಂದು ಬುಧವಾರ ಪಕ್ಕದ ಹಳ್ಳಿಗೆ ಹೋಗುವ ಬಸ್ಸು ಬರಲೇ ಇಲ್ಲ. ಹನ್ನೊಂದು ಗಂಟೆಗೇ ಮನೆಗೆ ಹಿಂತಿರುಗಿದೆ. ಹಿತ್ತಲಿನಲ್ಲಿ ಅಜ್ಜಿ ಒಗೆಯುವ ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಎದುರಿಗೆ ಹಿತ್ತಾಳೆಯ ತಟ್ಟೆ. ಅದರಲ್ಲಿ ಬೇಯಿಸಿ ಸಿಪ್ಪೆ ಸುಲಿದ ಎರಡು ಮೊಟ್ಟೆ, ಪಕ್ಕದಲ್ಲಿ ಅರ್ಧ ಬಾಳೆಹಣ್ಣು.

“ತಗಳಪ್ಪಾ, ಫಲಾರ ತಗ,” ಎನ್ನುತ್ತಿದ್ದಳು.

“ಅಜ್ಜೀ!”

ಆಕೆ ಬೆಚ್ಚಲೂ ಇಲ್ಲ. “ಏನವ್ವಾ, ಬೇಗ್ ಬಂದ್ಬುಟ್ರಿ?”

“ಇವತ್ತು ಅದಕ್ಕೆ ಒಪ್ಪತ್ತು ಅಂತ ಹೇಳಿರಲಿಲ್ವಾ?”

“ಯೋಳಿದ್ರಿ ಕಣವ್ವಾ. ಅದುಕ್ಕೇ ಫಲಾರ ಕೊಡ್ತಿವ್ನಿ. ಒಪ್ಪತ್ತು ಅಂದ್ರೆ ಅನ್ನ ಮುದ್ದೆ ಮುಟ್ಬಾರ್ದು, ಫಲಾರ ಬುಡಾಕಾಯ್ತದಾ? ಇದು ಅನ್ನ ಅಲ್ಲ, ಮುದ್ದೆ ಅಲ್ಲ. ಅದುಕ್ಕೆ ಇದೇ ಫಲಾರ. ಬಾಳೆಹಣ್ಣೂ ಇಕ್ಕುದ್ರೆ ಮೂಸಿ ಬುಟ್ಬುಡ್ತದೆ.”

“ದಿನಾ ಕೊಡ್ತಿದ್ರಾ?”

“ದಿನಾ ಯಾಕ್ ಕೊಡ್ಲಿ? ಒಪ್ಪತ್ತಿನ ದಿನ ಮಾತ್ರ. ಐದೇ ದಿನ.” ಆಮೇಲೆ, ತಪ್ಪು ನನ್ನದೇ ಎಂಬಂತೆ ದನಿ ಏರಿಸಿದಳು, “ನೀವೇ ಯೋಳೋದು, ಗೆರೆ ಕೆಳಕ್ ಬಂದ್ರೆ ಕೂಸು ಕೈಗ್ ಸಿಗಾಕಿಲ್ಲ ಅಂತ. ಮದ್ಲುನ್ ವಾರ ಕಾರ್ಡ್ನಾಗೆ ಗೆರೆ ಕೆಳಕ್ ಬಂದಿತ್ತು. ನನ್ ಕಣ್ಣೇನ್ ಕುಲ್ಡಾ?”

ನಾನು ಒಗೆಯುವ ಕಲ್ಲಿನ ತುದಿಯಲ್ಲಿ, ಉಡದ ಪಕ್ಕದಲ್ಲೇ ಕೂತುಬಿಟ್ಟೆ. ಆಕೆಯ ಶನಿವಾರದ ಒಪ್ಪತ್ತನ್ನು ನಾನು ಎರಡು ವರ್ಷದಿಂದ ನೋಡಿದ್ದೆ. ಬೆಳಿಗ್ಗೆ ತಟ್ಟೆ ತುಂಬ ಉಪ್ಪಿಟ್ಟು, ಮಧ್ಯಾಹ್ನ ಬೆಲ್ಲದ ಅವಲಕ್ಕಿ, ಸಂಜೆ ನಾಲ್ಕು ಬಾಳೆಹಣ್ಣು, ಒಂದು ಚೊಂಬು ಹಾಲು. ವಾರದಲ್ಲಿ ಆಕೆ ಹೊಟ್ಟೆ ತುಂಬ ತಿನ್ನುತ್ತಿದ್ದುದು ಅದೊಂದೇ ದಿನ. ನನಗೂ ಪಾಲು ಬರುತ್ತಿತ್ತು, ಬೇಡವೆಂದದ್ದಿಲ್ಲ. ಇಷ್ಟು ತಿಳಿದೂ ಆ ಪದವನ್ನೇ ಆರಿಸಿಕೊಂಡವಳು ನಾನು. ತರಬೇತಿಯಲ್ಲಿ ಮೊದಲ ದರ್ಜೆ ಬಂದವಳು.

ಎಲ್ಲವನ್ನೂ ಹೇಳಿದೆ. ವರ್ಗದ ಕಾಗದ, ಗುಡ್ಡ, ಬಿರುಕು, ಊರಿನ ಸೊಂಟಗಳು. ಹೇಳುತ್ತ ಅಳು ಬಂತು. ಅಜ್ಜಿ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು.

“ಅಂಗಾರೆ ಒಪ್ಪತ್ತು ಅಂತ ಯಾಕಂದ್ರಿ? ಶಿವರಾತ್ರಿ ಅನ್ಬೇಕಿತ್ತು. ಶಿವರಾತ್ರಿ ಅಂದ್ರೆ ನೀರೇ.”

ಅಂದಿನಿಂದ ನಮ್ಮ ಹಿತ್ತಲಿನಲ್ಲಿ ವಾರಕ್ಕೆ ಐದು ಶಿವರಾತ್ರಿ. ಅಜ್ಜಿಯ ಶಿಸ್ತು ನನಗಿರಲಿಲ್ಲ. ಉಡ ನನ್ನ ಕಾಲಬಳಿ ಬಂದು ನಾಲಗೆ ಆಡಿಸಿ, ನನ್ನ ಕೈ ತಾನಾಗಿ ಮಿಡತೆಯ ಡಬ್ಬದ ಕಡೆ ಹೋದರೆ, ಕೋಳಿಗೂಡಿನ ಹಿಂದಿನಿಂದ ಕೂಗು ಬರುತ್ತಿತ್ತು: “ಸಿಸ್ಟ್ರಮ್ಮಾ, ಶಿವರಾತ್ರಿ!” ಊಟದ ದಿನ ಆಕೆಯೇ ಮಿಡತೆಗಳನ್ನು ಗೋಡೆಯ ಸಂದಿಯಲ್ಲಿ, ಕಲ್ಲಡಿಯಲ್ಲಿ ಬಚ್ಚಿಟ್ಟು ಅದು ಹುಡುಕುವವರೆಗೆ ಬೈಯುತ್ತ ನಿಲ್ಲುತ್ತಿದ್ದಳು. “ಕೆರುದ್ ತಿನ್ಲಾ. ನಿಮ್ಮಮ್ಮ ಕೊರಟಗೆರೆಗೋಯ್ತಾಳೆ, ನಿಂಗ್ಯಾರ್ಲಾ ಬೇಯ್ಸಿ ಇಕ್ತಾರೆ?”

ಗೆರೆ ಇಳಿಯಿತು. ಆದರೆ ಎಷ್ಟು ನಿಧಾನ! ಉಡಕ್ಕೆ ಅವಸರವೆಂಬುದೇ ಇಲ್ಲ. ಬಿಸಿಲಿದ್ದರೆ ಬದುಕುತ್ತದೆ, ಇಲ್ಲದಿದ್ದರೆ ಕಾಯುತ್ತದೆ. ಐದು ವಾರಕ್ಕೆ ಅರ್ಧ ಕೆಜಿ. ಗೋಡೆಯ ಅರ್ಧಕ್ಕೆ ಏರುತ್ತಿತ್ತು, ಮುಕ್ಕಾಲಿಗೆ ಏರಿ ಜಾರುತ್ತಿತ್ತು. ಪ್ರತಿ ಸಲ ಜಾರುವಾಗಲೂ ನನ್ನ ಎದೆ ಅದರ ಜೊತೆ ಜಾರುತ್ತಿತ್ತು. ಇನ್ನು ಹದಿನೈದು ದಿನ ಸಿಕ್ಕಿದ್ದರೆ ಎಂದು ದೇವರಿಗೆ ಹರಕೆ ಹೊತ್ತೆ. ಯುಗಾದಿಯ ನಾಲ್ಕನೆಯ ದಿನವೇ ಹೊಸ ನರ್ಸು ಟ್ರಂಕು ಹೊತ್ತು ಬಂದಿಳಿದಳು. ಹೊತ್ತಿಗೆ ಸರಿಯಾಗಿ ಬಂದ ಬಸ್ಸನ್ನು ನಾನು ಅದೊಂದು ಸಲ ಶಪಿಸಿದ್ದೇನೆ. ಉಡ ಆವರೆಗೆ ಒಮ್ಮೆಯೂ ಗೋಡೆಯ ತುದಿ ಮುಟ್ಟಿರಲಿಲ್ಲ.

ಮಾರನೆಯ ದಿನ ಬಿಸಿಲೇರಿದ ಮೇಲೆ, ಉಡದ ಮೈ ಕಾಯಲಿ ಎಂದು ಕಾದು, ಅದನ್ನು ಬಿದಿರು ಮಂಕರಿಯಲ್ಲಿ ಹಾಕಿ ಮೇಲೆ ಸೀರೆ ಮುಚ್ಚಿ ನಾನೂ ಅಜ್ಜಿಯೂ ಹೊರಟೆವು. ಹಟ್ಟಿಯ ಕಡೆಯಿಂದ ಹೋಗಲಿಲ್ಲ. ಕುರಿಗಾಹಿ ಒಳ್ಳೆಯವನೇ, ಆದರೆ ಅವನಿಗೂ ಒಂದು ಸೊಂಟವಿತ್ತು. ಸುತ್ತು ಹಾಕಿ ಗುಡ್ಡದ ಹಿಂಬದಿಗೆ ಬಂದೆವು. ಮನೆಯಷ್ಟೆತ್ತರದ ಬಂಡೆ, ಮೇಲುಗಡೆ ಅಂಗೈಯಗಲದ ಬಿರುಕು. ಅಜ್ಜಿ ಸೀರೆ ತೆಗೆದು ಮಂಕರಿ ವಾಲಿಸಿದಳು.

ಉಡ ಹೊರಗೆ ಬಂತು. ನಾಲ್ಕು ಹೆಜ್ಜೆಯಿಟ್ಟು, ಹೊಟ್ಟೆಯೂರಿ, ಬಿಸಿಕಲ್ಲಿನ ಮೇಲೆ ಮಲಗಿ ಕಣ್ಣು ಮುಚ್ಚಿತು.

ಹತ್ತು ನಿಮಿಷ ಕಳೆಯಿತು. ಕೆಳಗೆಲ್ಲೋ ಕುರಿಗಳ ಸದ್ದು, ಯಾರದೋ ಕೆಮ್ಮು ಕೇಳಿದಂತಾಯಿತು. ನನ್ನ ಬಸ್ಸಿಗೆ ಇನ್ನೊಂದೂವರೆ ಗಂಟೆ. “ಹೋಗೋ, ಹೋಗಪ್ಪಾ,” ಎಂದು ಕೈಮುಗಿದೆ. ಅದು ಒಂದು ಕಣ್ಣು ತೆರೆದು ನನ್ನ ಕೈಯಲ್ಲಿ ಏನಿದೆಯೆಂದು ನೋಡಿತು. ಮತ್ತೆ ಮಂಕರಿಗೆ ಹಾಕಿ ಕೊರಟಗೆರೆಗೇ ಒಯ್ಯುತ್ತೇನೆ, ಆ ಸಿಸ್ಟರ್ ಕಿರುಚಿದರೆ ಕಿರುಚಲಿ ಎಂದು ನಾನು ಸೀರೆ ಎತ್ತಿಕೊಂಡೆ.

“ತಡೀರಿ,” ಎಂದಳು ಅಜ್ಜಿ. ಸೆರಗಿನ ಗಂಟು ಬಿಚ್ಚಿ ಒಂದು ಮೊಟ್ಟೆ ತೆಗೆದಳು. ಉಡದ ಮೂಗಿನ ಹತ್ತಿರ ಹಿಡಿದು, ಬಂಡೆಗೆ ಮೆಲ್ಲಗೆ ತಟ್ಟಿ ಸಿಪ್ಪೆ ಸೀಳಿಸಿ, ಬೀಸಿ ಮೇಲಕ್ಕೆಸೆದಳು. ಮೊಟ್ಟೆ ಬಿರುಕಿನ ಬಾಯಿಗೆ ಬಡಿದು ಲೋಳೆ ಒಳಗೆ ಇಳಿಯಿತು.

ಉಡ ಎದ್ದಿತು. ನಾಲಗೆ ಎರಡು ಸಲ ಹೊರಬಂತು. ಆಮೇಲೆ ನಾನು ಆ ಪ್ರಾಣಿಯಲ್ಲಿ ಎಂದೂ ಕಂಡಿರದ ಹಾಗೆ, ಉಗುರು ಕರಕರ ಸದ್ದು ಮಾಡುತ್ತ, ಬಾಲ ಬೀಸುತ್ತ, ನೆಟ್ಟಗಿದ್ದ ಬಂಡೆಯನ್ನು ಏರಿತು. ಮುಕ್ಕಾಲಿಗೆ ಬಂದಾಗ ನಾನು ಕಣ್ಣು ಮುಚ್ಚಿದೆ. ತೆರೆದಾಗ ತಲೆ, ಭುಜ ಬಿರುಕಿನೊಳಗಿದ್ದವು. ಹೊಟ್ಟೆಯ ಹತ್ತಿರ ನಿಂತಿತು. ಹಿಂಗಾಲು ಒದೆಯಿತು. ಇನ್ನೊಮ್ಮೆ ಒದೆಯಿತು. ಹೊಟ್ಟೆ ಒಳಗೆ ಜಾರಿತು, ಬಾಲ ಹಗ್ಗದ ಹಾಗೆ ಅದರ ಹಿಂದೆ ಒಳಗೆ ಸರಿಯಿತು.

“ಓಯ್ತು,” ಎಂದಳು ಅಜ್ಜಿ.

ಯಾರೂ ಬರಲಿಲ್ಲ. ನಾಯಿಯಿಲ್ಲ, ಗಾರ್ಡಿಲ್ಲ, ಕುರಿಗಾಹಿಯಿಲ್ಲ. ಅದು ಹಿಂತಿರುಗಿಯೂ ನೋಡಲಿಲ್ಲ. ನಾನು ಎಣಿಸಿಟ್ಟಿದ್ದ ಅಷ್ಟೂ ಅನಾಹುತಗಳಲ್ಲಿ ಒಂದೂ ನಡೆಯಲಿಲ್ಲವೆಂದು ಖಚಿತವಾದ ಮೇಲೆ, ಕಣ್ಣೊರೆಸಿಕೊಂಡು, ಖಾಲಿ ಮಂಕರಿಯನ್ನು ಎತ್ತಿಕೊಳ್ಳಲು ಬಗ್ಗಿದೆ. ಸೊಂಟದಲ್ಲಿ ಏನೋ ಕಟಕ್ಕೆಂದಿತು. ಬಗ್ಗಿದವಳು ಏಳಲಾಗಲಿಲ್ಲ.

ಅಜ್ಜಿ ನನ್ನ ಸುತ್ತ ಒಂದು ಸುತ್ತು ಬಂದು ನೋಡಿದಳು. ಆಮೇಲೆ ಮೇಲಿನ ಬಿರುಕನ್ನೊಮ್ಮೆ ನೋಡಿದಳು.

“ಉಡುಮೂ ಓಯ್ತು, ನಡುಮೂ ಓಯ್ತು,” ಎಂದು ಹೇಳಿ, ಒಂದು ಕೈಯಲ್ಲಿ ಮಂಕರಿ, ಇನ್ನೊಂದರಲ್ಲಿ ನನ್ನ ರಟ್ಟೆ ಹಿಡಿದು, ಬಗ್ಗಿದವಳನ್ನು ಬಗ್ಗಿದ ಹಾಗೆಯೇ ಬಸ್ಸಿಗೆ ನಡೆಸಿಕೊಂಡು ಹೊರಟಳು.